ಮಿದುಳಿನ ಬಾದಾಮಿ: ಮರೆವಿನ ಕಾಯಿಲೆಯಲ್ಲಿ ಭಯವೂ ಅನುಮಾನವೂ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಾನು 2006ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಪಿಯುಸಿ, ಬಿ.ಇ. ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ, ಕೆಲಸ ಸಿಗುವ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ" ಅಂದರು. ಅದನ್ನು ಹೇಳಲು ನನಗಿಂತ ಬುದ್ಧಿವಂತರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ, ಅದಕ್ಕೆ ಕಾರಣವೂ ಇದೆ. ನಮ್ಮ ತಂಡ ಬರೆಯುವುದು ಎಂಆರ್‌ಐ ಸ್ಕ್ಯಾನ್ ಚಿತ್ರಗಳನ್ನು ಓದುವ ಸಾಫ್ಟ್‌ವೇರ್. ತಲೆಯ ಸ್ಕ್ಯಾನ್ ಕೊಟ್ಟರೆ ಮಿದುಳಿನ ಯಾವ ಭಾಗ ಎಷ್ಟು ದಪ್ಪವಿದೆ, ಎಷ್ಟು ಸವೆದಿದೆ ಎಂದು ಅದು ಲೆಕ್ಕ ಹಾಕಿ ಡಾಕ್ಟರಿಗೆ ಕೊಡುತ್ತದೆ. ಆ ಕೆಲಸಕ್ಕಾಗಿ ಹತ್ತು ವರ್ಷದಿಂದ ಓದಿದ್ದು, ತಿಳಿದವರಿಂದ ಕೇಳಿದ್ದು, ನಮ್ಮ ಮನೆಯಲ್ಲೇ ಕಂಡದ್ದು, ಇವುಗಳನ್ನು ನಿಮ್ಮ ಮುಂದೆ ಇಡುತ್ತೇನೆ. ನಾನು ಡಾಕ್ಟರಲ್ಲ. ಔಷಧಿಯ ಮಾತು ಬಂದಾಗ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ.

ನಮ್ಮ ಕಡೆ "ಅರವತ್ತಕ್ಕೆ ಅರಳು ಮರಳು" ಎನ್ನುತ್ತೇವೆ. ಆ ಮಾತಿನಲ್ಲಿ ತಮಾಷೆ ಇದೆ, ಸ್ವಲ್ಪ ಸಮಾಧಾನವೂ ಇದೆ. ಆದರೆ ಆ ಮಾತಿನ ಮರೆಯಲ್ಲಿ ಒಂದು ಕಾಯಿಲೆ ಅಡಗಿ ಕುಳಿತಿರುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ನೆಂಟರ ಹೆಸರು ತಟ್ಟನೆ ನಾಲಿಗೆಗೆ ಬಾರದಿರುವುದು, ಇವು ವಯಸ್ಸಿನ ಮರೆವು. ಐವತ್ತು ವರ್ಷ ನಡೆದ ದಾರಿಯಲ್ಲಿ ಮನೆ ತಪ್ಪುವುದು, ಊಟ ಮಾಡಿ ಕೈ ತೊಳೆದವರು "ನನಗೆ ಯಾರೂ ಊಟ ಕೊಟ್ಟಿಲ್ಲ" ಎನ್ನುವುದು, ಸಾರಿಗೆ ಒಗ್ಗರಣೆ ಹಾಕುವ ಕ್ರಮವೇ ಗೊತ್ತಾಗದೆ ಒಲೆಯ ಮುಂದೆ ನಿಂತುಬಿಡುವುದು, ಇವು ವಯಸ್ಸಿನಿಂದಷ್ಟೇ ಬರುವಂಥವಲ್ಲ. ಇದಕ್ಕೆ ಡೆಮೆನ್ಷಿಯಾ ಎನ್ನುತ್ತಾರೆ. ಅದರಲ್ಲಿ ಅತಿ ಹೆಚ್ಚು ಕಾಣುವುದು ಆಲ್ಝೈಮರ್ ಕಾಯಿಲೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಡೆಮೆನ್ಷಿಯಾದಿಂದ ಬಳಲುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಅದರಲ್ಲಿ ಗಂಡಸರಿಗಿಂತ ಹೆಂಗಸರು, ಪಟ್ಟಣಕ್ಕಿಂತ ಹಳ್ಳಿಯವರು ಹೆಚ್ಚು. ಹಾಗಾಗಿ ಇದು ದೂರದವರ ಕಾಯಿಲೆಯಲ್ಲ.

ಈ ಕಾಯಿಲೆ ಎಂದರೆ ಮರೆವು ಎಂದು ಎಲ್ಲರಿಗೂ ಗೊತ್ತು. ನಾನು ಇವತ್ತು ಹೇಳಹೊರಟಿರುವುದು ಅದರ ಇನ್ನೊಂದು ಮುಖ: ಭಯ, ಅನುಮಾನ, ಸಿಟ್ಟು. ಮನೆಗಳು ಒಡೆಯುವುದು ಮರೆವಿನಿಂದಲ್ಲ, ಇವುಗಳಿಂದ. ಅಜ್ಜಿ ಮೊಮ್ಮಗನ ಹೆಸರು ಮರೆತರೆ ಯಾರೂ ಜಗಳ ಆಡುವುದಿಲ್ಲ. "ಸೊಸೆ ನನ್ನ ಸರ ಕದ್ದಳು" ಎಂದು ಬೀದಿಯಲ್ಲಿ ಕೂಗಿದರೆ ಮೂರು ಮನೆಗಳ ನೆಂಟಸ್ತನ ಕೆಡುತ್ತದೆ.

ಮೊದಲ ರೋಗಿಯಿಂದಲೇ ಇದು ಶುರುವಾಗುತ್ತದೆ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ 51 ವರ್ಷದ ಹೆಂಗಸನ್ನು ಆಕೆಯ ಗಂಡ ಕರೆತಂದ. ಪರೀಕ್ಷಿಸಿದ ಡಾಕ್ಟರ ಹೆಸರು ಅಲೋಯ್ಸ್ ಆಲ್ಝೈಮರ್. ಆತ ಬರೆದಿಟ್ಟ ವಿವರದಲ್ಲಿ ಒಂದು ಸಂಗತಿ ನಾವು ಗಮನಿಸಬೇಕಾದದ್ದು. ಆಕೆಯಲ್ಲಿ ಮೊದಲು ಕಂಡದ್ದು ಮರೆವಲ್ಲ, ಗಂಡನ ಮೇಲೆ ಅನುಮಾನ. ಆಮೇಲೆ ಮರೆವು ಬಂತು. ಸಾಮಾನುಗಳನ್ನು ಅಲ್ಲಿಂದಿಲ್ಲಿಗೆ ಒಯ್ದು ಬಚ್ಚಿಡತೊಡಗಿದಳು. ಯಾರೋ ತನ್ನನ್ನು ಕೊಲ್ಲುತ್ತಾರೆಂದು ಕಿರುಚತೊಡಗಿದಳು. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಝೈಮರ್ ಆಕೆಯ ಮಿದುಳನ್ನು ತರಿಸಿಕೊಂಡು, ತೆಳುವಾಗಿ ಸೀಳಿ, ಬೆಳ್ಳಿಯ ಲವಣದಿಂದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡು ವಿಚಿತ್ರಗಳು ಕಂಡವು: ಜೀವಕೋಶಗಳ ಹೊರಗೆ ಗಂಟುಗಂಟಾಗಿ ಕೂತ ಕಸ, ಒಳಗೆ ಸಿಕ್ಕುಸಿಕ್ಕಾದ ದಾರ. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್ ನಗರದ ಸಭೆಯಲ್ಲಿ ಅದನ್ನು ವಿವರಿಸಿದರು. 1910ರಲ್ಲಿ ಕ್ರೇಪೆಲಿನ್ ಎಂಬ ಹಿರಿಯ ಮನೋವೈದ್ಯರು ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್ಝೈಮರ್ ಹೆಸರನ್ನೇ ಇಟ್ಟರು.

ಅನುಮಾನ, ಭಯ ಎಲ್ಲಿಂದ ಬರುತ್ತವೆ? ವಿದ್ಯಾರ್ಥಿಗಳು ಎರಡೂ ಕೈಯ ತೋರುಬೆರಳನ್ನು ಕಿವಿಯ ಸ್ವಲ್ಪ ಮುಂದೆ ಇಟ್ಟುಕೊಳ್ಳಿ. ಅಲ್ಲಿಂದ ಒಳಕ್ಕೆ ಸಾಕಷ್ಟು ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಾದಾಮಿಯ ಆಕಾರದ ಗಡ್ಡೆಗಳಿವೆ. ಗ್ರೀಕ್ ಭಾಷೆಯಲ್ಲಿ ಬಾದಾಮಿಗೆ ಇರುವ ಹೆಸರನ್ನೇ ಇಟ್ಟು ಅದನ್ನು ಅಮಿಗ್ಡಲಾ ಎನ್ನುತ್ತಾರೆ. ನಮ್ಮ ಸ್ಕ್ಯಾನ್ ಚಿತ್ರದಲ್ಲಿ ಒಂದು ಮಿಲಿಮೀಟರ್ ಅಳತೆಯ ಪುಟ್ಟ ಪುಟ್ಟ ಘನಗಳಿರುತ್ತವೆ. ಇಡೀ ಮಿದುಳಿಗೆ ಅಂಥವು ಹನ್ನೆರಡು ಹದಿಮೂರು ಲಕ್ಷ. ಒಂದು ಅಮಿಗ್ಡಲಾಕ್ಕೆ ಸಿಗುವುದು ಸುಮಾರು ಒಂದೂವರೆ ಸಾವಿರ ಮಾತ್ರ. ಮಿದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಒಂದೊಂದು ಅಮಿಗ್ಡಲಾದ ಪಾಲು ಸುಮಾರು 1.2 ಕೋಟಿ. ಇಷ್ಟು ಚಿಕ್ಕದಾದರೂ ಅದರೊಳಗೆ ಹತ್ತಕ್ಕೂ ಹೆಚ್ಚು ಬೇರೆ ಬೇರೆ ಗುಂಪುಗಳಿವೆ. ಕಣ್ಣು, ಕಿವಿಯಿಂದ ಸುದ್ದಿ ತೆಗೆದುಕೊಳ್ಳುವ ಗುಂಪು, ವಾಸನೆಯನ್ನು ನೇರವಾಗಿ ಪಡೆಯುವ ಗುಂಪು, ಎದೆಬಡಿತ, ಉಸಿರು, ಬೆವರನ್ನು ಏರಿಸಲು ಅಪ್ಪಣೆ ಹೊರಡಿಸುವ ಗುಂಪು, ಹೀಗೆ.

ಅದರ ಕೆಲಸ ಏನೆಂದು ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ಅಮಿಗ್ಡಲಾದ ಹಿಂದೆಯೇ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಅದು ನಮ್ಮ ಹಾಲಿನ ಡೈರಿಯ ಸೆಕ್ರೆಟರಿ ಇದ್ದ ಹಾಗೆ. ಯಾರು ಬಂದರು, ಎಷ್ಟು ಹಾಕಿದರು, ಯಾವ ದಿನ ಎಂದು ಪುಸ್ತಕದಲ್ಲಿ ಬರೆಯುವುದು ಅದರ ಕೆಲಸ. ಅಮಿಗ್ಡಲಾ ಮಾವಿನ ತೋಪಿನ ಕಾವಲುಗಾರ. ಎಲೆ ಅಲ್ಲಾಡಿದರೆ ಗಾಳಿಯೋ ಕಳ್ಳನೋ ಎಂದು ಅರೆಗಳಿಗೆಯಲ್ಲಿ ತೀರ್ಮಾನಿಸಿ ಕೂಗು ಹಾಕುವವನು. ಕೂಗು ಹಾಕುವುದಷ್ಟೇ ಅಲ್ಲ, ಪಕ್ಕದ ಸೆಕ್ರೆಟರಿಗೆ "ಇದು ಮುಖ್ಯ, ದಪ್ಪ ಅಕ್ಷರದಲ್ಲಿ ಬರಕೋ" ಎಂದು ಹೇಳುವವನೂ ಅವನೇ. ಅದಕ್ಕೇ ಹೋದ ತಿಂಗಳ ಸಂತೆ ನಮಗೆ ನೆನಪಿಲ್ಲ, ಹತ್ತು ವರ್ಷದ ಹಿಂದೆ ಹಾವು ಕಾಲಿಗೆ ಸುತ್ತಿಕೊಂಡ ದಿನ ಹಾಕಿದ್ದ ಅಂಗಿಯ ಬಣ್ಣವೂ ನೆನಪಿದೆ.

ಕಾವಲುಗಾರನೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಅಮೆರಿಕದ ಅಯೋವಾದಲ್ಲಿ ವಿಜ್ಞಾನಿಗಳು ಎಸ್.ಎಂ. ಎಂಬ ಎರಡಕ್ಷರದಿಂದಷ್ಟೇ ಗುರುತಿಸುವ ಮಹಿಳೆಯೊಬ್ಬರನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಅಪರೂಪದ ವಂಶವಾಹಿ ಕಾಯಿಲೆಯಿಂದ ಆಕೆಯ ಎರಡೂ ಅಮಿಗ್ಡಲಾ ಹಾಳಾಗಿವೆ. ಹಾವು ಮಾರುವ ಅಂಗಡಿಗೆ ಕರೆದೊಯ್ದರೆ ಆಕೆಗೆ ಭಯವಿಲ್ಲ, ಕುತೂಹಲ. ಮುಟ್ಟಲು ಕೈ ಚಾಚುತ್ತಾರೆ. ಬೇರೆಯವರ ಮುಖದಲ್ಲಿ ಭಯವಿದ್ದರೂ ಅದನ್ನು ಗುರುತಿಸಲು ಆಕೆಗೆ ಕಷ್ಟ.

ಈಗ ಆಲ್ಝೈಮರ್ ಕಾಯಿಲೆ ಇಲ್ಲಿನ ಜೀವಕೋಶಗಳಿಗೆ ಏನು ಮಾಡುತ್ತದೆ ಎಂದು ನೋಡೋಣ.

ಮೊದಲನೆಯದು ಹೊರಗಿನ ಕಸ. ನರಕೋಶದ ಹೊದಿಕೆಯಲ್ಲಿ ಒಂದು ಉದ್ದನೆಯ ಪ್ರೋಟೀನ್ ಇರುತ್ತದೆ. ಅದನ್ನು ಕತ್ತರಿಸುವ ಎರಡು ಕಿಣ್ವಗಳು ಒಂದು ನಿರ್ದಿಷ್ಟ ರೀತಿಯಲ್ಲಿ ಕತ್ತರಿಸಿದಾಗ ಅಮಿಲಾಯ್ಡ್ ಬೀಟಾ ಎಂಬ ತುಣುಕು ಹೊರಬೀಳುತ್ತದೆ. ಇದು ನಮ್ಮೆಲ್ಲರ ತಲೆಯಲ್ಲೂ ಆಗುವುದೇ, ಆದರೆ ಹುಟ್ಟಿದ ತುಣುಕು ತೊಳೆದು ಹೋಗುತ್ತಿರುತ್ತದೆ. ಈ ಕಾಯಿಲೆಯಲ್ಲಿ ಅದು ಕೆರೆಯ ಹೂಳಿನಂತೆ ನಿಲ್ಲುತ್ತದೆ. ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತದೆ. ಗಡ್ಡೆಗಿಂತಲೂ ಗಡ್ಡೆಯಾಗುವ ಮುಂಚಿನ ಸಣ್ಣ ಗುಂಪುಗಳೇ ನರಕೋಶಗಳಿಗೆ ಹೆಚ್ಚು ವಿಷ ಎಂದು ಹಲವು ವಿಜ್ಞಾನಿಗಳು ಭಾವಿಸುತ್ತಾರೆ.

ಎರಡನೆಯದು ಒಳಗಿನ ಸಿಕ್ಕು. ನಮ್ಮ ಜಿಲ್ಲೆಯಲ್ಲಿ ಡ್ರಿಪ್ ಪೈಪು ಎಳೆಯದ ಟೊಮ್ಯಾಟೊ ಹೊಲ ಇಲ್ಲ. ನರಕೋಶವೂ ಹಾಗೆಯೇ. ಒಂದು ಕಡೆ ಪಂಪ್‌ಸೆಟ್ಟಿನ ಹಾಗೆ ಕೋಶದ ಒಡಲು, ಅಲ್ಲಿಂದ ಉದ್ದಕ್ಕೆ ಹೋದ ಪೈಪುಗಳು. ಕೋಶದ ತುದಿಗೆ ಬೇಕಾದ ಆಹಾರ, ಸಾಮಾನು ಎಲ್ಲ ಒಳಗಿನ ಈ ಸಣ್ಣ ಕೊಳವೆಗಳ ಮೇಲೆಯೇ ಸಾಗಬೇಕು. ಕೊಳವೆಗಳು ಕುಸಿಯದಂತೆ ಹಿಡಿದಿಡುವ ಕ್ಲಿಪ್ಪುಗಳಂಥ ಪ್ರೋಟೀನಿನ ಹೆಸರು ಟೌ. ಕಾಯಿಲೆಯಲ್ಲಿ ಟೌ ಮೇಲೆ ಫಾಸ್ಫೇಟ್ ಅತಿಯಾಗಿ ಕೂತುಕೊಂಡು ಅದು ಕೊಳವೆಯಿಂದ ಕಳಚಿಕೊಳ್ಳುತ್ತದೆ. ಕಳಚಿದ ಕ್ಲಿಪ್ಪುಗಳು ಒಂದಕ್ಕೊಂದು ಹೆಣೆದುಕೊಂಡು ಸಿಕ್ಕಾಗುತ್ತವೆ, ಇತ್ತ ಕೊಳವೆಯೂ ಕುಸಿಯುತ್ತದೆ. ಪೈಪು ಕೆಟ್ಟರೆ ಮೊದಲು ಒಣಗುವುದು ಕೊನೆಯ ಸಾಲಿನ ಗಿಡ. ಹಾಗೆಯೇ ಇಲ್ಲಿ ಮೊದಲು ಸಾಯುವುದು ಕೋಶದ ತುದಿ, ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಸಂಧಿ. ಕೋಶ ಜೀವಂತ ಇರುತ್ತದೆ, ಮಾತುಕತೆ ನಿಂತಿರುತ್ತದೆ. ಕೋಶ ಸಾಯುವುದು ಆಮೇಲೆ.

ಮೂರನೆಯದು ಕಸ ಗುಡಿಸುವವರ ಗಲಾಟೆ. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳಿವೆ. ಅವು ಅಮಿಲಾಯ್ಡ್ ಕಸವನ್ನು ತಿನ್ನಲು ಬರುತ್ತವೆ. ಕಸ ಮುಗಿಯುವುದಿಲ್ಲ, ಅವುಗಳ ಉರಿ ಆರುವುದಿಲ್ಲ. ಕೊನೆಗೆ ಅವು ಒಳ್ಳೆಯ ಸಂಧಿಗಳನ್ನೂ ಕಿತ್ತು ತಿನ್ನತೊಡಗುತ್ತವೆ.

ಟೌ ಸಿಕ್ಕು ಮಿದುಳಿನಲ್ಲಿ ಎಲ್ಲೆಂದರಲ್ಲಿ ಬರುವುದಿಲ್ಲ, ಅದಕ್ಕೊಂದು ದಾರಿಯಿದೆ. ಹೈಕೊ ಬ್ರಾಕ್ ಮತ್ತು ಎವಾ ಬ್ರಾಕ್ ಎಂಬ ಜರ್ಮನಿಯ ದಂಪತಿ ವಿಜ್ಞಾನಿಗಳು 1991ರಲ್ಲಿ ಆ ದಾರಿಯನ್ನು ಆರು ಹಂತಗಳಾಗಿ ಗುರುತಿಸಿದರು. ಮೊದಲೆರಡು ಹಂತದಲ್ಲಿ ಅದು ಹಿಪೊಕ್ಯಾಂಪಸ್‌ನ ಬಾಗಿಲಿನಂಥ ಭಾಗದಲ್ಲಿ ಇರುತ್ತದೆ. ಮೂರು, ನಾಲ್ಕನೇ ಹಂತಕ್ಕೆ ಹಿಪೊಕ್ಯಾಂಪಸ್ ಮತ್ತು ಅಮಿಗ್ಡಲಾ ಎರಡನ್ನೂ ಹಿಡಿಯುತ್ತದೆ. ಮಿದುಳಿನ ಹೊರಪದರಕ್ಕೆಲ್ಲ ಹರಡುವುದು ಐದು, ಆರನೇ ಹಂತದಲ್ಲಿ. ಅಂದರೆ ಸೆಕ್ರೆಟರಿ ಪುಸ್ತಕ ಕಳೆದುಕೊಳ್ಳುವ ಕಾಲಕ್ಕೇ ಕಾವಲುಗಾರನೂ ಹಾಸಿಗೆ ಹಿಡಿಯುತ್ತಾನೆ. ಎಂಆರ್‌ಐಯಲ್ಲಿ ಅಳೆದವರೂ ಕಾಯಿಲೆಯ ಆರಂಭದ ಹಂತದಲ್ಲೇ ಅಮಿಗ್ಡಲಾ ಸವೆಯುವುದು ಹೆಚ್ಚುಕಡಿಮೆ ಹಿಪೊಕ್ಯಾಂಪಸ್‌ನಷ್ಟೇ ಎಂದು ಕಂಡಿದ್ದಾರೆ. ಹೆಚ್ಚು ಸವೆದವರಲ್ಲಿ ಕಳವಳ, ಸಿಡಿಮಿಡಿ, ಸುಮ್ಮನೆ ಅತ್ತಿಂದಿತ್ತ ಅಲೆದಾಟ ಹೆಚ್ಚು.

ಅಮಿಗ್ಡಲಾಕ್ಕೆ ಇನ್ನೆರಡು ಹೊಡೆತಗಳಿವೆ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಮಿದುಳಿಗೆಲ್ಲ ಹಂಚುವ ನರಕೋಶಗಳು ಬುಡದಲ್ಲಿ ಒಂದು ಕಡೆ ಇವೆ, ಅವುಗಳಿಂದ ಅತಿ ಹೆಚ್ಚು ಪಾಲು ಪಡೆಯುವ ಜಾಗಗಳಲ್ಲಿ ಅಮಿಗ್ಡಲಾ ಒಂದು. ಆಲ್ಝೈಮರ್‌ನಲ್ಲಿ ಆ ನರಕೋಶಗಳೂ ಸಾಯುತ್ತವೆ, ಪೂರೈಕೆ ಬತ್ತುತ್ತದೆ. ಜೊತೆಗೆ, ಮಡಿಕೆ ತಪ್ಪಿದ ಇತರ ಪ್ರೋಟೀನುಗಳಿಗೂ ಅಮಿಗ್ಡಲಾ ಮೆಚ್ಚಿನ ತಾಣ. ಪಾರ್ಕಿನ್ಸನ್ ಕಾಯಿಲೆಗೆ ಕಾರಣವಾಗುವ ಆಲ್ಫಾ ಸಿನ್ಯೂಕ್ಲಿನ್, ಇಳಿವಯಸ್ಸಿನ ಮರೆವಿಗೆ ಇನ್ನೊಂದು ಕಾರಣವಾದ ಟಿಡಿಪಿ-43, ಇವೂ ಹಲವು ಆಲ್ಝೈಮರ್ ರೋಗಿಗಳ ಅಮಿಗ್ಡಲಾದಲ್ಲಿ ಒಟ್ಟಿಗೇ ಸಿಗುತ್ತವೆ. ಹಾಗಾಗಿಯೇ ಒಬ್ಬ ರೋಗಿಯ ಹಾಗೆ ಇನ್ನೊಬ್ಬರು ಇರುವುದಿಲ್ಲ.

ಕಾವಲುಗಾರ ಕಾಯಿಲೆ ಬಿದ್ದರೆ ಎರಡು ತರಹದ ತಪ್ಪಾಗುತ್ತದೆ. ಕಳ್ಳ ಬಂದಾಗ ನಿದ್ದೆ ಮಾಡುತ್ತಾನೆ, ನೆಂಟರು ಬಂದಾಗ ಕೂಗುತ್ತಾನೆ. ಹೊಸ ಅಪಾಯವನ್ನು ಕಲಿಯುವ ಶಕ್ತಿ ಆಲ್ಝೈಮರ್ ರೋಗಿಗಳಲ್ಲಿ ಕುಂದಿರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಉರಿಯುವ ಒಲೆ, ಲಾರಿ ಓಡಾಡುವ ರಸ್ತೆ, ಕಟ್ಟೆಯಿಲ್ಲದ ಬಾವಿ, ಯಾವುದಕ್ಕೂ ಹೆದರುವುದಿಲ್ಲ. ಅದೇ ಮನುಷ್ಯ ಕನ್ನಡಿಯಲ್ಲಿ ತನ್ನ ಮುಖ ಕಂಡು, ಗೋಡೆಯ ನೆರಳು ಕಂಡು ನಡುಗುತ್ತಾನೆ. ಎದುರಿನವರ ಮುಖದಲ್ಲಿರುವುದು ನಗುವೋ ಕೋಪವೋ ಎಂದು ತಿಳಿಯದಾದಾಗ ಮನಸ್ಸು ಅನುಮಾನದ ಕಡೆಗೇ ವಾಲುತ್ತದೆ. ಇದಕ್ಕೆಲ್ಲ ಅಮಿಗ್ಡಲಾ ಒಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಸರ ಎಲ್ಲಿಟ್ಟೆ ಎಂಬುದು ಮರೆತುಹೋಗುವುದು ಹಿಪೊಕ್ಯಾಂಪಸ್‌ನಿಂದ, "ಹಾಗಿರಲಾರದು, ಇನ್ನೊಮ್ಮೆ ಯೋಚಿಸು" ಎಂದು ತಡೆಯಬೇಕಾದ ಹಣೆಯ ಹಿಂದಿನ ಭಾಗವೂ ಸೋತಿರುತ್ತದೆ. ಮೂರೂ ಸೇರಿದಾಗ "ಸೊಸೆ ಕದ್ದಳು" ಎಂಬ ಮಾತು ಹುಟ್ಟುತ್ತದೆ. ಅದು ಅತ್ತೆಯ ಕೆಟ್ಟತನವಲ್ಲ, ಸೊಸೆಯ ಕಳ್ಳತನವೂ ಅಲ್ಲ.

ನಮ್ಮ ಅಜ್ಜಿಯನ್ನು ನನ್ನ ಅಮ್ಮ ಆರು ವರ್ಷ ನೋಡಿಕೊಂಡರು. ಅಜ್ಜಿ ತನ್ನ ಎಲೆಅಡಿಕೆ ಸಂಚಿಯನ್ನು ರಾಗಿ ಮೂಟೆಯ ಸಂದಿಯಲ್ಲಿ ಬಚ್ಚಿಟ್ಟು, ಮರೆತು, "ಏನಮ್ಮಾ, ನನ್ನ ದುಡ್ಡು ನಿನ್ನ ತವರಿಗೆ ಕೊಟ್ಟೆಯಾ?" ಎಂದು ಅಮ್ಮನನ್ನು ಕೇಳುತ್ತಿದ್ದರು. ಅಮ್ಮ ಹಿತ್ತಿಲಿಗೆ ಹೋಗಿ ಅತ್ತು ಬರುತ್ತಿದ್ದರು. ಡಾಕ್ಟರು ಕಾಯಿಲೆ ಇದೆಂದು ವಿವರಿಸಿದ ಮೇಲೆ ಅಮ್ಮ ಸಂತೆಯಲ್ಲಿ ಅದೇ ಬಟ್ಟೆಯ ಇನ್ನೆರಡು ಸಂಚಿ ಹೊಲಿಸಿಕೊಂಡು ಬಂದರು. ಕೇಳಿದಾಗ, "ಬನ್ನಿ ಅತ್ತೆ, ಇಬ್ಬರೂ ಹುಡುಕೋಣ" ಎಂದು ಕೈಹಿಡಿದು ಕರೆದೊಯ್ದು ಒಂದನ್ನು ಅಜ್ಜಿಯ ಕೈಗೇ ಸಿಗುವಂತೆ ಮಾಡುತ್ತಿದ್ದರು. ಸಂಜೆ ಕತ್ತಲಾದಂತೆ ಅಜ್ಜಿಗೆ ಚಡಪಡಿಕೆ. "ಹಸು ಕರೀಬೇಕು, ಬಿಡಿ ನನ್ನ" ಎಂದು ಬಾಗಿಲಿಗೆ ಹೋಗುತ್ತಿದ್ದರು. ಹಸು ಮಾರಿ ಎಷ್ಟೋ ವರ್ಷವಾಗಿತ್ತು. ಅಮ್ಮ ಹಸು ಇಲ್ಲವೆಂದು ವಾದಿಸಲಿಲ್ಲ. "ಹಸು ಕರೆಯುವ ಹೊತ್ತು ಇನ್ನೂ ಆಗಿಲ್ಲ ಅತ್ತೆ, ಅಷ್ಟರಲ್ಲಿ ಇದನ್ನು ಬಿಡಿಸಿಕೊಡಿ" ಎಂದು ಮೊರದಲ್ಲಿ ಅವರೆಕಾಯಿ ಸುರಿಯುತ್ತಿದ್ದರು. ಅಜ್ಜಿಯ ಬೆರಳಿಗೆ ಅವರೆಕಾಯಿ ಮರೆತಿರಲಿಲ್ಲ. ಕೈಕೆಲಸದ ನೆನಪು ಮಿದುಳಿನಲ್ಲಿ ಬೇರೆ ಕಡೆ ಇರುತ್ತದೆ, ಅಲ್ಲಿಗೆ ಕಾಯಿಲೆ ತಡವಾಗಿ ತಲುಪುತ್ತದೆ ಎಂದು ನಾನು ಓದಿದ್ದು ಆಮೇಲೆ. ಅಮ್ಮನಿಗೆ ಓದದೆಯೇ ಗೊತ್ತಿತ್ತು.

ಮರೆವಿನ ನಡುವೆಯೂ ಭಾವನೆ ಹೇಗೆ ಉಳಿಯುತ್ತದೆ ಎಂಬುದಕ್ಕೆ ಎರಡು ಅಧ್ಯಯನಗಳನ್ನು ಹೇಳುತ್ತೇನೆ. 1995ರ ಜನವರಿ 17ರಂದು ಬೆಳಗಿನ ಜಾವ ಜಪಾನಿನ ಕೋಬೆ ನಗರದಲ್ಲಿ ಭಾರಿ ಭೂಕಂಪವಾಯಿತು. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಪ್ರದೇಶದಲ್ಲಿ ಆಲ್ಝೈಮರ್ ರೋಗಿಗಳೂ ಇದ್ದರು. ಅಲ್ಲಿನ ವೈದ್ಯರು ಕೆಲವು ವಾರಗಳ ನಂತರ ಅವರನ್ನು ಮಾತಾಡಿಸಿದರು. ಎಂಆರ್‌ಐ ಯಂತ್ರದೊಳಗೆ ಮಲಗಿದ್ದು ಹೆಚ್ಚಿನವರಿಗೆ ನೆನಪಿರಲಿಲ್ಲ. ಭೂಕಂಪವಾದದ್ದು ಹೆಚ್ಚಿನವರಿಗೆ ನೆನಪಿತ್ತು. ಇನ್ನೂ ಮುಂದೆ ಹೋಗಿ 36 ರೋಗಿಗಳ ಅಮಿಗ್ಡಲಾದ ಗಾತ್ರವನ್ನು ಅಳೆದರು. ಅಮಿಗ್ಡಲಾ ಹೆಚ್ಚು ಉಳಿದಿದ್ದವರಿಗೆ ಆ ಬೆಳಗಿನ ತಮ್ಮ ಅನುಭವ ಹೆಚ್ಚು ನೆನಪಿತ್ತು, ಅದು ಸವೆದವರಿಗೆ ಕಡಿಮೆ. ಕಾವಲುಗಾರ ಹೇಳಿದರೆ ಮಾತ್ರ ಸೆಕ್ರೆಟರಿ ದಪ್ಪ ಅಕ್ಷರದಲ್ಲಿ ಬರೆಯುತ್ತಾನೆ ಎಂದೆನಲ್ಲ, ಅದರ ಸಾಕ್ಷಿ ಇದು.

ಎರಡನೆಯದು 2014ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಬಂದದ್ದು. 17 ಆಲ್ಝೈಮರ್ ರೋಗಿಗಳಿಗೆ ದುಃಖದ ಸಿನಿಮಾ ತುಣುಕುಗಳನ್ನು, ಬೇರೊಮ್ಮೆ ಸಂತೋಷದ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೇ ಏನು ನೋಡಿದೆವೆಂಬುದು ಅವರಿಗೆ ಮರೆತುಹೋಗಿತ್ತು. ಆದರೆ ದುಃಖ ಹೋಗಿರಲಿಲ್ಲ, ಸಂತೋಷವೂ ಹೋಗಿರಲಿಲ್ಲ. ಅರ್ಧ ಗಂಟೆಯವರೆಗೂ ಅಳೆದು ನೋಡಿದರು. ನೋಡಿದ್ದನ್ನು ಹೆಚ್ಚು ಮರೆತವರಲ್ಲಿ ದುಃಖ ಇನ್ನೂ ಹೆಚ್ಚು ಹೊತ್ತು ನಿಂತಿತ್ತು. ಕಾರಣ ಗೊತ್ತಿಲ್ಲದ ದುಃಖಕ್ಕೆ ಸಮಾಧಾನ ಹೇಳಿಕೊಳ್ಳುವುದಾದರೂ ಹೇಗೆ?

ತಾಯಂದಿರೇ, ಅಣ್ಣಂದಿರೇ, ಇವತ್ತಿನ ಮಾತಿನಲ್ಲಿ ಒಂದನ್ನೇ ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ. "ಹೇಗೂ ಮರೆತುಬಿಡುತ್ತಾರೆ" ಎಂದು ಗದರಬೇಡಿ. ಗದರಿದ ಮಾತು ಮರೆಯುತ್ತದೆ, ಗದರಿದ ನೋವು ಉಳಿಯುತ್ತದೆ. "ಹೋಗಿ ಬಂದರೂ ನೆನಪಿರುವುದಿಲ್ಲ, ಯಾಕೆ ಹೋಗಬೇಕು" ಎಂದು ಬೆಂಗಳೂರಿನಲ್ಲಿರುವ ನನ್ನಂಥ ಮಕ್ಕಳು ಊರಿಗೆ ಬರುವುದನ್ನು ನಿಲ್ಲಿಸಬೇಡಿ. ನೀವು ಬಂದದ್ದು ಮರೆಯುತ್ತದೆ, ಬಂದಾಗ ಆದ ಹಿತ ಉಳಿಯುತ್ತದೆ. ಅವರ ಮಾತನ್ನು ಸುಳ್ಳೆಂದು ಸಾಧಿಸಲು ಹೋಗಬೇಡಿ. ಎದುರಿಗೆ ಬಂದು, ಹೆಸರು ಹೇಳಿ, ನಿಧಾನವಾಗಿ ಒಂದೊಂದೇ ಮಾತಾಡಿ. ಸಂಜೆಗೆ ಮುಂಚೆಯೇ ದೀಪ ಹಾಕಿ, ನೆರಳು ಕಡಿಮೆಯಾಗುತ್ತದೆ. ಕನ್ನಡಿ ಹೆದರಿಸಿದರೆ ಬಟ್ಟೆ ಮುಚ್ಚಿ. ಗ್ಯಾಸ್, ಕ್ರಿಮಿನಾಶಕದ ಡಬ್ಬ, ಬಾವಿ ಇವುಗಳ ಕಾವಲು ನೀವೇ ವಹಿಸಿಕೊಳ್ಳಿ, ಅವರ ಒಳಗಿನ ಕಾವಲುಗಾರ ಈಗ ಕೆಲಸದಲ್ಲಿಲ್ಲ. ಜೇಬಿನಲ್ಲಿ ಮನೆಯ ಫೋನ್ ನಂಬರಿನ ಚೀಟಿ ಇರಲಿ.

ಇದ್ದಕ್ಕಿದ್ದಂತೆ, ಒಂದೆರಡು ದಿನದಲ್ಲಿ ಗಾಬರಿ, ಗೊಂದಲ ಹೆಚ್ಚಾದರೆ ಅದು ಕಾಯಿಲೆ ಮುಂದುವರಿದದ್ದೇ ಎಂದು ಕೈಕಟ್ಟಿ ಕೂರಬೇಡಿ. ಮೂತ್ರದ ಸೋಂಕು, ನೀರಿನ ಅಂಶ ಕಡಿಮೆಯಾಗುವುದು, ಮಲಬದ್ಧತೆ, ಹೊಸ ಮಾತ್ರೆ, ಯಾವುದೋ ನೋವು ಕಾರಣವಿರಬಹುದು. ತಕ್ಷಣ ಡಾಕ್ಟರಿಗೆ ತೋರಿಸಿ. ಹಾಗೆಯೇ ಎಲ್ಲ ಮರೆವೂ ಆಲ್ಝೈಮರ್ ಅಲ್ಲ. ಥೈರಾಯ್ಡ್ ಏರುಪೇರು, ವಿಟಮಿನ್ ಬಿ12 ಕೊರತೆ, ಖಿನ್ನತೆ, ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆ ಇದೆ. ಅರಳು ಮರಳು ಎಂದು ಮೂಲೆಯಲ್ಲಿ ಕೂರಿಸಿದರೆ ವಾಸಿಯಾಗುವಂಥದ್ದೂ ವಾಸಿಯಾಗದೆ ಉಳಿಯುತ್ತದೆ. ದೇವರು ಮೈಮೇಲೆ ಬಂದಿದೆ, ಯಾರೋ ಮಾಡಿಸಿದ್ದಾರೆ ಎಂದು ವರ್ಷಗಟ್ಟಲೆ ಸುತ್ತುವ ಮುಂಚೆ ಒಮ್ಮೆ ಜಿಲ್ಲಾ ಆಸ್ಪತ್ರೆಗೋ ನಿಮ್ಹಾನ್ಸ್‌ಗೋ ಹೋಗಿ ಬನ್ನಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವಾಗ ಬೇಕಾದರೂ ಕರೆ ಮಾಡಬಹುದು. ನೋಡಿಕೊಳ್ಳುವವರು ತಮ್ಮ ಸಂಕಟ ಹೇಳಿಕೊಳ್ಳಲಿಕ್ಕೂ ಆ ನಂಬರ್ ಇದೆ.

ಔಷಧಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಡೊನೆಪೆಜಿಲ್‌ನಂಥ ಮಾತ್ರೆಗಳು ಬತ್ತುತ್ತಿರುವ ಅಸಿಟೈಲ್‌ಕೋಲಿನ್ ಬೇಗ ಕರಗಿಹೋಗದಂತೆ ತಡೆಯುತ್ತವೆ. ಕೆಲವರಿಗೆ ಕೆಲವು ಕಾಲ ಅನುಕೂಲವಾಗುತ್ತದೆ, ಕಾಯಿಲೆ ನಿಲ್ಲುವುದಿಲ್ಲ. ಅಮಿಲಾಯ್ಡ್ ಕಸವನ್ನೇ ತೆಗೆಯುವ ಲೆಕಾನೆಮಾಬ್ ಎಂಬ ಔಷಧಿಗೆ 2023ರಲ್ಲಿ, ಡೊನಾನೆಮಾಬ್ ಎಂಬುದಕ್ಕೆ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಆರಂಭದ ಹಂತದಲ್ಲಿ ಅವು ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಇರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಮಾಡಿ ನೋಡುತ್ತಿರಬೇಕು. ಪೂರ್ತಿ ವಾಸಿ ಮಾಡುವ ಔಷಧಿ ಇವತ್ತಿಗೆ ಇಲ್ಲ. ಇದೆ ಎಂದು ಯಾರಾದರೂ ಹಣ ಕೇಳಿದರೆ ನಂಬಬೇಡಿ.

ಈ ವಿಜ್ಞಾನದಲ್ಲಿ ನಮ್ಮ ನಾಡಿನ ಪಾಲೂ ಇದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ತೀರಿಕೊಂಡವರ ಕುಟುಂಬದವರು ದಾನ ಕೊಟ್ಟ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಾಡುತ್ತಾರೆ. ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ನಿಮ್ಹಾನ್ಸ್ ವಿಜ್ಞಾನಿಗಳು 2002ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಜಗತ್ತಿನ ಗಮನ ಸೆಳೆಯಿತು. ದಿನವೂ ಒತ್ತಡಕ್ಕೆ ಸಿಕ್ಕ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ನರಕೋಶದ ಕೊಂಬೆಗಳು ಕುಗ್ಗಿದರೆ, ಅಮಿಗ್ಡಲಾದಲ್ಲಿ ಅವು ಬೆಳೆದಿದ್ದವು. ಅದು ಆಲ್ಝೈಮರ್ ಪ್ರಯೋಗವಲ್ಲ. ಆದರೂ ಎಡೆಬಿಡದ ಒತ್ತಡದಲ್ಲಿ ನೆನಪಿನ ಜಾಗ ಬಡವಾಗಿ ಭಯದ ಜಾಗ ಬೆಳೆಯಬಹುದೆಂಬುದು ನೋಡಿಕೊಳ್ಳುವ ಸೊಸೆ, ಮಗಳು ಕೂಡ ತಿಳಿದಿರಬೇಕಾದ ಮಾತು. ಅವರಿಗೂ ವಾರಕ್ಕೊಂದು ದಿನ ಬಿಡುವು ಬೇಕು. ಗಂಡುಮಕ್ಕಳು ಆ ದಿನ ಮನೆಯಲ್ಲಿ ಕೂರಬೇಕು.

ನಮ್ಮ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಹೆಸರುವಾಸಿ. ಈಗ ಅದಕ್ಕೆ ಇನ್ನೊಂದು ಹೆಸರೂ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಅಧ್ಯಯನ ಮಾಡುತ್ತಿದೆ. ಗುರಿ 10,000 ಜನ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಎಂಆರ್‌ಐ, ವಂಶವಾಹಿ ಎಲ್ಲವೂ ಇದರಲ್ಲಿದೆ. ಇಲ್ಲಿಯವರೆಗಿನ ಆಲ್ಝೈಮರ್ ಅಧ್ಯಯನಗಳು ಹೆಚ್ಚಾಗಿ ಯುರೋಪ್, ಅಮೆರಿಕದ ಓದುಬರಹ ಬಲ್ಲ ಜನರ ಮೇಲೆ ನಡೆದವು. ರಾಗಿಮುದ್ದೆ ಉಂಡು ಹೊಲದಲ್ಲಿ ದುಡಿದವರ ಮಿದುಳು ಹೇಗೆ ವಯಸ್ಸಾಗುತ್ತದೆ ಎಂಬ ಪ್ರಶ್ನೆಗೆ ನಮ್ಮ ನೆಂಟರಿಷ್ಟರೇ ಉತ್ತರ ಕೊಡುತ್ತಿದ್ದಾರೆ. ನಿಮ್ಮವರು ಯಾರಾದರೂ ಅದರಲ್ಲಿದ್ದರೆ ಮಧ್ಯದಲ್ಲಿ ಬಿಡಬೇಡಿ ಎಂದು ಹೇಳಿ.

ಕೊನೆಯದಾಗಿ ನಮ್ಮ ಶಾಲೆಯ ಮಾತು. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಡೆಮೆನ್ಷಿಯಾಕ್ಕೆ ದಾರಿ ಮಾಡುವ, ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಎಲ್ಲವನ್ನೂ ಸರಿಪಡಿಸಿದರೆ ಸುಮಾರು ಶೇಕಡಾ 45ರಷ್ಟು ಡೆಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜು. ಬಿ.ಪಿ., ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬೀಡಿ ಸಿಗರೇಟು, ಅತಿಯಾದ ಕುಡಿತ, ಬೊಜ್ಜು, ಮೈ ಬಗ್ಗಿಸದಿರುವುದು, ತಲೆಗೆ ಪೆಟ್ಟು, ಹೊಗೆಗಾಳಿ, ಖಿನ್ನತೆ, ಒಂಟಿತನ, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು. ಪಟ್ಟಿಯಲ್ಲಿ ಬಾಲ್ಯಕ್ಕೆ ಸೇರಿದ ಕಾರಣ ಒಂದೇ: ಚಿಕ್ಕಂದಿನಲ್ಲಿ ಓದು ಸಿಗದಿರುವುದು. ಓದಿದ ಮಿದುಳಿನಲ್ಲಿ ನರಕೋಶಗಳ ನಡುವಿನ ದಾರಿಗಳು ಹೆಚ್ಚು, ಒಂದು ಮುಚ್ಚಿದರೆ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ.

ನನ್ನ ಅಜ್ಜಿ ಹೆಬ್ಬೆಟ್ಟು. ಅಮ್ಮ ಏಳನೇ ತರಗತಿಗೆ ನಿಲ್ಲಿಸಿದವರು, ಅವರ ಊರಿನ ಹತ್ತಿರ ಹೈಸ್ಕೂಲ್ ಇರಲಿಲ್ಲ. ನಾನೂ ನನ್ನ ಅಕ್ಕನೂ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆವು. 1975ರಲ್ಲಿ ಊರಿನ ಹಿರಿಯರು ಜಾಗ ಬಿಟ್ಟುಕೊಟ್ಟು, ಕಲ್ಲು ಹೊತ್ತು ಈ ಶಾಲೆ ಕಟ್ಟಿದಾಗ ಮಕ್ಕಳಿಗೆ ನೌಕರಿ ಸಿಗಲಿ ಎಂದಷ್ಟೇ ಅಂದುಕೊಂಡಿರಬಹುದು. ಆ ಮಕ್ಕಳ ಮುಪ್ಪನ್ನೂ ಅವರು ಕಾಪಾಡಿದ್ದಾರೆ. ಹೆಣ್ಣುಮಕ್ಕಳನ್ನು ಹತ್ತನೆಯ ತರಗತಿಯ ಮಧ್ಯದಲ್ಲಿ ಮದುವೆಗೆ ಬಿಡಿಸುವವರು ಈ ಮಾತನ್ನು ದಯವಿಟ್ಟು ಯೋಚಿಸಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಮಹೋತ್ಸವಕ್ಕೆ ನಾವು ಕೂಡಿಸಿದ ಹಣದಲ್ಲಿ ಕಮಾನು ಕಟ್ಟಿ ಉಳಿದದ್ದರಲ್ಲಿ, ವರ್ಷಕ್ಕೆ ಒಂದು ದಿನ ಇದೇ ಶಾಲೆಯಲ್ಲಿ ಊರಿನ ಹಿರಿಯರಿಗೆ ಕಣ್ಣು, ಕಿವಿ, ಬಿ.ಪಿ., ಸಕ್ಕರೆ, ನೆನಪಿನ ತಪಾಸಣೆ ಇಡೋಣ. ಚೀಟಿ ಬರೆಯುವ, ಕೈಹಿಡಿದು ಕರೆತರುವ ಕೆಲಸ ಒಂಬತ್ತನೆಯ ತರಗತಿಯ ಮಕ್ಕಳು ಮಾಡಲಿ. ಮೊದಲ ವರ್ಷದ ಖರ್ಚಿನಲ್ಲಿ ಅರ್ಧ ನಮ್ಮ 2006ರ ಬ್ಯಾಚು ಕೊಡುತ್ತದೆ, ಇದನ್ನು ಗೆಳೆಯರನ್ನು ಕೇಳಿಯೇ ಹೇಳುತ್ತಿದ್ದೇನೆ. ಉಳಿದ ಅರ್ಧ ಯಾರು ಕೊಡುತ್ತೀರಿ ಎಂಬುದನ್ನು ಊಟದ ಪಂಕ್ತಿಯಲ್ಲಿ ತೀರ್ಮಾನ ಮಾಡೋಣ.

 

ಜೈ ಹಿಂದ್. ಜೈ ಕರ್ನಾಟಕ.